ಆರನೆಯ ತಟ್ಟು

ಬಾಯಲ್ಲಿ ಸೂಜಿ ಕಚ್ಚಿಕೊಂಡವರನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದನ್ನು ಅವಳು ಚಿಕ್ಕಮ್ಮನ ಕಸೂತಿ ಅಂಗಡಿಗೆ ಸೇರಿದ ಮೊದಲ ವಾರವೇ ಕಂಡುಕೊಂಡಿದ್ದಳು. ಗಿರಾಕಿ ಬಾಗಿಲಲ್ಲಿ ಕಾಣಿಸಿದ ಕೂಡಲೇ ಸೂಜಿ ಬಾಯಿಗೆ ಹೋಗುತ್ತಿತ್ತು. ಬಂದವರು ಅವಳತ್ತ ಒಮ್ಮೆ ನೋಡಿ, ಪಾಪ, ಕೆಲಸದಲ್ಲಿದ್ದಾಳೆ ಎಂದು ಚಿಕ್ಕಮ್ಮನ ಕಡೆ ತಿರುಗುತ್ತಿದ್ದರು. ಹೀಗೆ ಎಂಟು ವರ್ಷ ಕಳೆದಿದ್ದವು. ಇವತ್ತು ಮಾತ್ರ ಸೂಜಿ ಬಾಯಲ್ಲಿರಲಿಲ್ಲ, ಲೆಕ್ಕದ ಮೇಷ್ಟ್ರ ಅಂಗಿಯಲ್ಲಿತ್ತು. ಅಂಗಿ ಲೆಕ್ಕದ ಮೇಷ್ಟ್ರ ಮೈಮೇಲೇ ಇತ್ತು. ಹೊಟ್ಟೆಯ ಮೇಲಿನ ಗುಂಡಿ ಕಿತ್ತುಹೋಗಿತ್ತು. 'ಬಿಚ್ಚಿ ಕೊಟ್ರೆ ಎರಡು ನಿಮಿಷದ ಕೆಲಸ ಮೇಷ್ಟ್ರೇ' ಎಂದು ಚಿಕ್ಕಮ್ಮ ಹೇಳಿದ್ದಕ್ಕೆ ಅವರು, 'ಬೇಡಮ್ಮ, ಒಳಗಿನ ಬನಿಯನ್ನು ಹೊರಗಿನವರಿಗೆ ತೋರಿಸೋ ಸ್ಥಿತಿಯಲ್ಲಿಲ್ಲ' ಎಂದು ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಅವಳು ನೆಲದ ಮೇಲೆ ಮಂಡಿಯೂರಿ, ಅವರ ಹೊಟ್ಟೆಯನ್ನು ಚುಚ್ಚದ ಹಾಗೆ ಸೂಜಿ ಆಡಿಸುತ್ತಿದ್ದಳು. ಇಷ್ಟು ಹತ್ತಿರ ಕೂತಾಗ ಮನುಷ್ಯರು ಮಾತಾಡದೆ ಇರುವುದಿಲ್ಲ. ಉಸಿರು ಬಿಡಬೇಕಾದಾಗಲೆಲ್ಲ ಮೇಷ್ಟ್ರು ಒಂದೊಂದು ವಾಕ್ಯ ಬಿಡುತ್ತಿದ್ದರು.

'ನಿನ್ನೆ ತಗೊಂಡು ಹೋದೆನಲ್ಲ, ನೀವು ಪದ್ಯ ಹೊಲಿದ ಬಟ್ಟೆ, ಅದನ್ನ ಸಭಾಂಗಣದಲ್ಲಿ ಕಟ್ಟಿಯಾಯ್ತು. ಮೇಲೆ ಪರದೆ ಹಾಕಿಬಿಟ್ಟಿದ್ದೀನಿ. ಇವತ್ತು ಮೂರು ಗಂಟೆಗೆ ಇಂಗ್ಲಿಷ್ ಮೇಷ್ಟ್ರ ಬೀಳ್ಕೊಡುಗೆ. ಹಗ್ಗ ಎಳೆದ್ರೆ ಪರದೆ ಬೀಳ್ಬೇಕು, ನಮ್ಮ ಪದ್ಯ ಕಾಣ್ಬೇಕು, ಅವರು ಓದ್ಬೇಕು. ಅಲ್ಲಿವರೆಗೂ ಯಾರೂ ನೋಡೋ ಹಾಗಿಲ್ಲ.'

'ನೀವೂ ನೋಡ್ಲಿಲ್ವಾ?' ಎಂದರು ಚಿಕ್ಕಮ್ಮ.

'ನಾನು ಎಣಿಸಿದೆ. ಒಂಬತ್ತು ಸಾಲು. ಸರಿಯಾಗಿದೆ.' ಉಸಿರು. 'ಬರೆದಿದ್ದು ನಾನೇ, ಅದನ್ನ ಮತ್ತೆ ಓದೋದೇನಿದೆ.'

ಪದ್ಯವನ್ನು ಇಂಗ್ಲಿಷ್ ಕಲಿಸುವವರು ಯಾರೋ ಬರೆದಿರಬೇಕೆಂದು ಅವಳು ತಿಳಿದಿದ್ದಳು. ಲೆಕ್ಕದ ಮೇಷ್ಟ್ರು ಅವಳ ಮುಖದಲ್ಲಿ ಅದನ್ನು ಓದಿದರೋ ಏನೋ, ತಾವಾಗಿಯೇ ಹೇಳಿದರು. ನಿವೃತ್ತರಾಗುವ ಇಂಗ್ಲಿಷ್ ಮೇಷ್ಟ್ರು ಮೂವತ್ತೈದು ವರ್ಷ ಯಾವ ಪದ್ಯದ ಅಳತೆಯನ್ನು ಮಕ್ಕಳ ತಲೆಗೆ ಬಡಿದರೋ ಅದೇ ಅಳತೆಯಲ್ಲಿ ಅವರಿಗೊಂದು ಪದ್ಯ ಕೊಡಬೇಕೆಂದು ಶಾಲೆಯವರು ತೀರ್ಮಾನಿಸಿದ್ದರಂತೆ. ಇಂಗ್ಲಿಷ್ ಕಲಿಸುವ ಉಳಿದಿಬ್ಬರೂ ತಮ್ಮಿಂದಾಗದೆಂದು ಕೈಚೆಲ್ಲಿದರಂತೆ. 'ಅದು ಕವಿಗಳ ಕೈಲಾಗೋ ಕೆಲಸ ಅಲ್ಲ, ಅದು ಸಮೀಕರಣ' ಎಂದರು ಲೆಕ್ಕದ ಮೇಷ್ಟ್ರು. 'ನಾನೂರು ವರ್ಷಕ್ಕಿಂತ ಹಿಂದೆ ಇಂಗ್ಲಿಷರ ದೇಶದಲ್ಲಿ ಯಾರೋ ಪುಣ್ಯಾತ್ಮ ಮಾಡಿಟ್ಟಿದ್ದು. ಒಂದನೇ ಸಾಲಿನ ಪ್ರಾಸ ಮೂರಕ್ಕೆ. ಎರಡನೇದು ನಾಲ್ಕು, ಐದು, ಏಳಕ್ಕೆ. ಆರನೇದು ಎಂಟು, ಒಂಬತ್ತಕ್ಕೆ. ಎಂಟು ಸಾಲಿಗೆ ಬೆರಳಲ್ಲಿ ಐದೈದು ತಟ್ಟು. ಒಂಬತ್ತನೇದಕ್ಕೆ ಆರು.'

'ಆರು' ಎಂದಳು ಅವಳು. ಹೇಳಬೇಕೆಂದು ಹೇಳಿದ್ದಲ್ಲ, ಬಿದ್ದುಹೋಯಿತು.

'ಹ್ಞಾಂ, ಆರು. ಮಗು ಕೇಳಿಸ್ಕೋತಿದೆ ನೋಡಿ.' ಮೇಷ್ಟ್ರಿಗೆ ಸಂತೋಷವಾಗಿ ಹೊಟ್ಟೆ ಒಂದಂಗುಲ ಮುಂದೆ ಬಂತು. ಅವಳು ಸೂಜಿಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು. 'ಎಂಟು ಸಾಲು ಬೆಂಚಿನ ಮೇಲೆ ನೆಟ್ಟಗೆ ಕೂತು, ಒಂಬತ್ತನೇದು ಮೈಮುರಿದು ಕಾಲು ಚಾಚುತ್ತೆ. ಅಷ್ಟೇ ಅದರ ಮಜಾ. ಆ ಕಾಲು ಕತ್ತರಿಸಿದ್ರೆ ಪದ್ಯವೇ ಇಲ್ಲ. ನನ್ನ ಕೊನೇ ಸಾಲು ಹೇಗಿದೆ ಗೊತ್ತಾ? ನಿಮ್ಮ ಮುಖವನ್ನ ಕಣ್ಣೀರಲ್ಲಿ ನೋಡೋ ದಿನ ನಮಗೆಂದೂ ಬರದಿರಲಿ. ಇಂಗ್ಲಿಷಲ್ಲಿ ಮುಖ ಮೊದಲು ಬರುತ್ತೆ, ಕಣ್ಣೀರಲ್ಲಿ ಅನ್ನೋದು ಕಟ್ಟಕಡೇಲಿ ಬರುತ್ತೆ. ಎರಡೇ ಪದ, ಏಳೇ ಅಕ್ಷರ. ಅದೇ ಆರನೇ ತಟ್ಟು.'

ಗುಂಡಿ ನಿಂತಿತು. ಅವಳು ದಾರವನ್ನು ಎಷ್ಟು ಬಿಗಿಯಾಗಿ ಸುತ್ತಿದ್ದಳೆಂದರೆ ಆ ಗುಂಡಿಯನ್ನು ಇನ್ನು ಕಿತ್ತುಕೊಳ್ಳಬೇಕಾದರೆ ಅಂಗಿಯ ಜೊತೆಗೇ ಕಿತ್ತುಕೊಳ್ಳಬೇಕಿತ್ತು. ಆ ಏಳು ಅಕ್ಷರಗಳು ಎಲ್ಲಿವೆಯೆಂದು ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವು ಎಲ್ಲಿಯೂ ಇರಲಿಲ್ಲ.

ಈ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಆಸ್ಪತ್ರೆಯ ಹೊದಿಕೆ, ಹೋಟೆಲಿನ ಟವೆಲು, ಸಮವಸ್ತ್ರದ ಜೇಬು, ಎಲ್ಲದರ ಮೇಲೂ ಇಲ್ಲಿ ಹೆಸರು ಹೊಲಿಯುತ್ತಾರೆ. ಜೇಬು ಇರುವುದು ನಾಲ್ಕು ಬೆರಳಗಲ. ಜನ ತಮ್ಮ ಮಕ್ಕಳಿಗೆ ಇಡುವ ಹೆಸರು ಎಂಟು ಬೆರಳಗಲ. ಮೊದಲ ದಿನವೇ ಚಿಕ್ಕಮ್ಮ ಕಲಿಸಿದ್ದರು: 'ಜೇಬಿಗಿಂತ ಹೆಸರು ದೊಡ್ಡದಾಗಬಾರದು ಕಣೇ. ಅಂಚು ಮುಟ್ಟೋದಕ್ಕೆ ಒಂದು ಬೆರಳು ಮುಂಚೆ ನಿಲ್ಲಿಸು. ಉಳಿದದ್ದನ್ನ ಬಿಟ್ಬಿಡು. ಬರೆದುಕೊಡೋರಿಗೆ ಬಟ್ಟೆ ಅಳತೆ ಗೊತ್ತಿರಲ್ಲ, ಹೊಲಿಯೋರಿಗೆ ಗೊತ್ತಿರ್ಬೇಕು.' ಹೀಗೆ ಬಾಲ ಕಳೆದುಕೊಂಡ ಹೆಸರುಗಳು ಊರಿನ ತುಂಬ ಓಡಾಡುತ್ತಿದ್ದವು. ಯಾರೂ ತಕರಾರು ತೆಗೆದಿರಲಿಲ್ಲ, ಜೇಬಿನೊಳಗಿನ ಮನುಷ್ಯ ಪೂರ್ತಿ ಇದ್ದರಾಯಿತಲ್ಲ. ಲೆಕ್ಕದ ಮೇಷ್ಟ್ರು ತಂದುಕೊಟ್ಟ ಚೀಟಿಯಲ್ಲಿ ಎಂಟು ಸಾಲುಗಳು ಒಂದೇ ಉದ್ದಕ್ಕೆ, ಕತ್ತರಿಸಿ ಜೋಡಿಸಿದ ಹಾಗಿದ್ದವು. ಒಂಬತ್ತನೆಯದು ಮಾತ್ರ ಲಂಗದ ಕೆಳಗೆ ಇಣುಕಿದ ಒಳಲಂಗದಂತೆ ಮುಂದಕ್ಕೆ ಬಂದಿತ್ತು. ಯಾರಾದರೂ ನೋಡುವ ಮುಂಚೆ ಒಳಗೆ ಸೇರಿಸಬೇಕೆಂದು ಕೈ ತುರಿಸುವಂಥ ದೃಶ್ಯ. ಅವಳು ಸೇರಿಸಿದಳು. ಹನ್ನೊಂದು ದಿನ ಒಂದೊಂದೇ ಅಕ್ಷರವನ್ನು ಕಸೂತಿಯ ರಿಂಗಿನೊಳಗೆ ಬಿಗಿದು ತುಂಬು ಹೊಲಿಗೆ ಹಾಕುವಾಗ, ಅಕ್ಷರ ಎಂದರೆ ಬಾಗು, ಕಂಬ, ಹೊಟ್ಟೆ, ಕೊಕ್ಕೆ. ಪದ ಎಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ. ಹನ್ನೊಂದನೆಯ ದಿನ ಕೆಂಪು ಅಂಚಿಗೆ ಸರಿಯಾಗಿ ಮೂರು ಬೆರಳು ಮುಂಚೆ ಒಂಬತ್ತನೆಯ ಸಾಲೂ ಉಳಿದವರ ಜೊತೆ ಸಾಲಾಗಿ ನಿಂತಾಗ, ಚಿಕ್ಕಮ್ಮ ಬಟ್ಟೆಯನ್ನು ದೂರ ಹಿಡಿದು, 'ಈಗ ನೋಡು, ಹೇಗೆ ಮರ್ಯಾದೆಯಾಗಿದೆ' ಎಂದಿದ್ದರು.

ಮರ್ಯಾದೆ. ಅವಳು ಮನಸ್ಸಿನಲ್ಲೇ ಆ ಸಾಲನ್ನು ಬಾಲವಿಲ್ಲದೆ ಹೇಳಿಕೊಂಡು ನೋಡಿದಳು. ನಿಮ್ಮ ಮುಖವನ್ನು ನೋಡೋ ದಿನ ನಮಗೆಂದೂ ಬರದಿರಲಿ. ಕೆಂಪು ರೇಷ್ಮೆ ದಾರದಲ್ಲಿ, ತುಂಬು ಹೊಲಿಗೆಯಲ್ಲಿ, ಹೆಬ್ಬೆರಳ ಗಾತ್ರದ ಅಕ್ಷರಗಳಲ್ಲಿ. ಮೂವತ್ತೈದು ವರ್ಷ ಕಲಿಸಿದವರಿಗೆ, ಎಲ್ಲರ ಎದುರು, ಹಗ್ಗ ಎಳೆದು.

'ಸರ್,' ಎಂದಳು. ಸ್ವರ ಮಂಡಿಯ ಹತ್ತಿರ ಎಲ್ಲೋ ಹುಟ್ಟಿ ಗಂಟಲಿಗೆ ಬರುವಷ್ಟರಲ್ಲಿ ಸವೆದುಹೋಗಿತ್ತು. 'ಆ ಕೊನೇ ಸಾಲು...'

'ಅದೇ ಅಲ್ವಾ ಪ್ರಾಣ!' ಲೆಕ್ಕದ ಮೇಷ್ಟ್ರು ಎದ್ದು ನಿಂತು ಹೊಟ್ಟೆಯ ಮೇಲೆ ಎರಡು ಸಲ ತಟ್ಟಿ ಗುಂಡಿಯನ್ನು ಪರೀಕ್ಷಿಸಿದರು. 'ನೀವಿಬ್ಬರೂ ಬರಲೇಬೇಕು. ಮುಂದಿನ ಸಾಲಲ್ಲಿ ಕುರ್ಚಿ ಇಡ್ಸಿದ್ದೀನಿ.' ಅವರು ಹೋಗಿಬಿಟ್ಟರು. ಅವರು ಹೋದ ಮೇಲೂ ಅವಳು ಸ್ಟೂಲಿನ ಮುಂದೆ ಮಂಡಿಯೂರಿಕೊಂಡೇ ಇದ್ದಳು. ಅವಳ ಕಿವಿಗಳು ಕಾದಿದ್ದವು. ಅವಳ ಕಿವಿಗಳು ಹೀಗೆ ಕೆಂಪಾಗುವುದು ಬೀದಿಗೆಲ್ಲ ಗೊತ್ತು. ಎಂಟು ವರ್ಷದ ಹಿಂದೆ ಅದರಿಂದಲೇ ಸಿಕ್ಕಿಬಿದ್ದದ್ದು. ಮೂರನೆಯ ಬೆಂಚು, ಕಿಟಕಿಯ ಪಕ್ಕ. ಇದೇ ಇಂಗ್ಲಿಷ್ ಮೇಷ್ಟ್ರನ್ನು ಎಲ್ಲರೂ ತಟ್ಟು ಮೇಷ್ಟ್ರು ಎನ್ನುತ್ತಿದ್ದರು. ಪದ್ಯ ಕಿವಿಯಲ್ಲಿಲ್ಲ ಕಣ್ರೋ, ಬೆರಳಲ್ಲಿದೆ ಎಂದು ಅವರು ಮೇಜಿನ ಮೇಲೆ ತಟ್ಟುತ್ತ ಓದುವರು, ನಲವತ್ತು ಮಕ್ಕಳು ಬೆಂಚಿನ ಮೇಲೆ ತಟ್ಟುವರು. ಎಲ್ಲಿ ತಟ್ಟಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಪಕ್ಕದವಳ ಬೆರಳನ್ನು ನೋಡಿಕೊಂಡು ತಟ್ಟುತ್ತಿದ್ದಳು. ಪಕ್ಕದವಳ ಬೆರಳು ಬಿದ್ದ ಮೇಲೆ ಅವಳದು ಬೀಳಬೇಕು. ಹೀಗಾಗಿ ಇಡೀ ತರಗತಿ ಐದು ತಟ್ಟಿ ನಿಲ್ಲಿಸಿದಾಗ, ಆ ನಿಶ್ಶಬ್ದದೊಳಗೆ ಒಂದು ಒಂಟಿ ಟಕ್ ಕೇಳುತ್ತಿತ್ತು. ಪ್ರತಿ ಸಾಲಿಗೂ. ಎಂಟು ಸಾಲಿಗೂ. 'ಆರನೇದು ಯಾರದ್ದು?' ಎಂದರು ಮೇಷ್ಟ್ರು. ಮೇಷ್ಟ್ರು ಬೆಂಚುಗಳ ಮೇಲೆ ಕಣ್ಣು ಹಾಯಿಸಿ ಎರಡು ಕೆಂಪು ಕಿವಿಗಳ ಮೇಲೆ ನಿಲ್ಲಿಸಿದರು. 'ನಿಂತ್ಕೋ. ಒಬ್ಳೇ ತಟ್ಟು.' ಅವರು ಓದಿದರು. ನೋಡಿಕೊಳ್ಳಲು ಪಕ್ಕದ ಬೆರಳಿಲ್ಲದೆ, ವಿಚಿತ್ರವೆಂದರೆ, ಅವಳು ಎಂಟು ಸಾಲಿಗೂ ಸರಿಯಾಗಿ ಐದೈದೇ ತಟ್ಟಿದಳು. ಒಂಬತ್ತನೆಯ ಸಾಲು ಬಂತು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದು ಬರುತ್ತಿದೆ ಎಂದು ಬೆರಳಿಗೆ ಗೊತ್ತಾಯಿತು. ಆದರೆ ಆರನೆಯದೇ ಅಲ್ಲವೇ ಇಷ್ಟು ಹೊತ್ತು ತಪ್ಪು ಎನ್ನಿಸಿಕೊಂಡದ್ದು. ಅವಳು ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು. ತರಗತಿ ಗೊಳ್ಳೆಂದಿತು. 'ಬೇಡ ಅಂದಾಗೆಲ್ಲ ಕೊಟ್ಟೆ, ಬೇಕು ಅಂದಾಗ ಇಟ್ಕೊಂಡೆ' ಎಂದು ಮೇಷ್ಟ್ರೂ ನಕ್ಕರು. 'ಇರ್ಲಿ, ಆ ಒಂದನ್ನ ಯಾವಾಗ್ಲಾದ್ರೂ ಕೊಡು.' ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಪುಸ್ತಕ ಎತ್ತಿಕೊಂಡು ಹೋದರು. ಕೂತ್ಕೋ ಎಂದು ಹೇಳುವುದನ್ನು ಮರೆತಿದ್ದರು. ಅವಳು ನಿಂತೇ ಇದ್ದಳು. ಮುಂದಿನ ಭೂಗೋಳದ ತರಗತಿಯಲ್ಲೂ ನಿಂತಿದ್ದಳು, ಭೂಗೋಳದವರು ಯಾವ ತಪ್ಪಿಗೆಂದು ಕೇಳಲೂ ಇಲ್ಲ. ಆ ವರ್ಷವೇ ಶಾಲೆ ಬಿಟ್ಟಳು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದಳು: ಕಣ್ಣು ನೋವು, ದಾರಿ ದೂರ, ಚಿಕ್ಕಮ್ಮನಿಗೆ ಕೈ ಬೇಕು. ಒಂದು ತಟ್ಟಿಗಾಗಿ ಎಂದು ಯಾರಿಗೆ ತಾನೇ ಹೇಳಲು ಸಾಧ್ಯ.

ಈಗ ಮತ್ತೆ ಅದೇ ಒಂಬತ್ತನೆಯ ಸಾಲು, ಮತ್ತೆ ಅದೇ ಆರನೆಯದು, ಮತ್ತೆ ಬಚ್ಚಿಟ್ಟವಳು ಅವಳೇ. ಪದ್ಧತಿಯ ಪ್ರಕಾರ ಕತ್ತರಿಸಿದೆ ಎಂದು ಒಂದು ಮನಸ್ಸು ಹೇಳಿತು. ಚೀಟಿ ನೋಡಿದ ಕೂಡಲೇ ಕೈ ತುರಿಸಿತಲ್ಲ, ಟವೆಲಿನ ಹೆಸರಿಗೆ ಹಾಗೆ ತುರಿಸಿತ್ತೇ ಎಂದು ಇನ್ನೊಂದು ಕೇಳಿತು. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಗೊತ್ತಿರುವುದಕ್ಕಿಂತ ಕೆಟ್ಟದಾಗಿತ್ತು.

'ಚಿಕ್ಕಮ್ಮ,' ಎಂದಳು, 'ನಾನು ಸ್ವಲ್ಪ ಮುಂಚೆ ಹೋಗ್ತೀನಿ.'

'ಎಲ್ಲಿಗೆ?'

'ಶಾಲೆಗೆ.'

ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದರು. 'ಎಂಟು ವರ್ಷ ತಡವಾಯ್ತು, ಇನ್ನೊಂದು ಗಂಟೆ ತಡವಾದ್ರೆ ಏನಾಗುತ್ತೆ? ಜೊತೇಲಿ ಹೋಗೋಣ ಇರು.'

'ದಾರ ಒಂದು ಕಡೆ ಸಡಿಲ ಆಗಿದೆ ಅನ್ಸುತ್ತೆ.'

'ನೀನು ಹಾಕಿದ ದಾರನಾ?' ಚಿಕ್ಕಮ್ಮ ನಂಬಲಿಲ್ಲ, ಆದರೆ ದಾರದ ವಿಷಯದಲ್ಲಿ ಅವರು ಯಾರನ್ನೂ ತಡೆಯುವವರಲ್ಲ. 'ಕೂದಲು ಬಾಚ್ಕೊಂಡು ಹೋಗು. ಹಕ್ಕಿ ಗೂಡು ಬಿಟ್ಟು ಹೋದ ಹಾಗಿದೆ.'

ಬಾಚಿಕೊಳ್ಳದೆಯೇ ಹೋದಳು. ಬ್ಲೌಸಿನ ತೋಳಿಗೆ ಎರಡು ಸೂಜಿ, ಅದರಲ್ಲೊಂದಕ್ಕೆ ಬೆಳಗಿನ ಕೆಲಸದ ಕರಿದಾರ, ಮುಷ್ಟಿಯಲ್ಲಿ ಕೆಂಪು ದಾರದ ಉಂಡೆ, ಬೆರಳಿಗೆ ಸೂಜಿ ಚುಚ್ಚದಿರಲೆಂದು ಹಾಕುವ ತಗಡಿನ ಟೊಪ್ಪಿ. ಶಾಲೆಯ ಗೇಟು ಅವಳು ನೆನಪಿಟ್ಟುಕೊಂಡದ್ದಕ್ಕಿಂತ ಗಿಡ್ಡವಾಗಿತ್ತು. ಜವಾನ ಮಾತ್ರ ಅವನೇ. ಸಭಾಂಗಣದಲ್ಲಿ ಕುರ್ಚಿಗಳನ್ನು ಎಳೆದು ಸಾಲು ಮಾಡುತ್ತಿದ್ದ. ದಾರಿಯುದ್ದಕ್ಕೂ ಅವಳು ಒಂದು ವಾಕ್ಯವನ್ನು ಸಿದ್ಧ ಮಾಡಿಕೊಂಡು ಬಂದಿದ್ದಳು. ಬಾಗಿಲಲ್ಲಿ ಅದು ಮರೆತುಹೋಗಿ ಸೂಜಿಯನ್ನಷ್ಟೇ ಎತ್ತಿ ತೋರಿಸಿದಳು. ಜವಾನ ಸೂಜಿ ನೋಡಿದ, ಕಿವಿ ನೋಡಿದ. 'ಮೂರನೇ ಬೆಂಚು,' ಎಂದ. 'ಹೋಗು. ಯಾರಾದ್ರೂ ಕೇಳಿದ್ರೆ ನಾನು ನೋಡಿಲ್ಲ.'

ವೇದಿಕೆಯ ಹಿಂದಿನ ಗೋಡೆಯಲ್ಲಿ ಮರದ ದಂಡಕ್ಕೆ ಬಟ್ಟೆ ನೇತುಹಾಕಿದ್ದರು. ಅದನ್ನು ಮುಚ್ಚಿದ್ದು ಪ್ರಯೋಗಾಲಯದ ಹಸಿರು ಪರದೆ. ಆಮ್ಲ ಬಿದ್ದು ಅಲ್ಲಲ್ಲಿ ತೂತಾಗಿತ್ತು. ಅವಳು ಒಂದು ಗಿಡ್ಡ ಸ್ಟೂಲನ್ನೆಳೆದುಕೊಂಡು ಪರದೆಗೂ ಬಟ್ಟೆಗೂ ನಡುವೆ ನುಸುಳಿ ಕೂತಳು. ಆಮ್ಲದ ತೂತುಗಳಿಂದ ಬೆಳಕಿನ ಚುಕ್ಕಿಗಳು ಬಂದು ಪದ್ಯದ ಮೇಲೆ ಬಿದ್ದಿದ್ದವು. ಒಂಬತ್ತನೆಯ ಸಾಲು ಸರಿಯಾಗಿ ಅವಳ ಮೂಗಿನ ಎತ್ತರಕ್ಕಿತ್ತು. ಇಷ್ಟು ಹತ್ತಿರದಿಂದ ಅದು ಎಷ್ಟು ಚೆನ್ನಾಗಿತ್ತು. ಅಂಚಿಗೆ ಉಳಿದಿದ್ದ ಜಾಗ ಮೂರು ಬೆರಳು. ಬೇಕಾದದ್ದು ಏಳು ಅಕ್ಷರ. ತುಂಬು ಹೊಲಿಗೆಗೆ ಒಂದು ದಿನ ಬೇಕು, ಸರಪಳಿ ಹೊಲಿಗೆ ಸಾಕು ಎಂದುಕೊಂಡಳು. ಮೊದಲ ಪದದ ಎರಡು ಅಕ್ಷರ ಮುಗಿಸಿ, ಎರಡನೆಯದರ ಐದಕ್ಕೆ ಕೈ ಹಾಕುವಷ್ಟರಲ್ಲಿ ಹೊರಗೆ ಕುರ್ಚಿಗಳು ಸದ್ದು ಮಾಡತೊಡಗಿದವು. ಜನ ಹೇಳಿದ ಹೊತ್ತಿಗಿಂತ ಮುಂಚೆ ಬರುತ್ತಿದ್ದರು. ಬಿಸ್ಕತ್ತು ಮುಂಚೆ ಕೊಡುತ್ತಾರೆಂದು ಯಾರೋ ಸುದ್ದಿ ಹಬ್ಬಿಸಿದ್ದರಂತೆ. ಈಗಲೇ ಹೊರಗೆ ಹೋಗಿಬಿಡಬೇಕು. ಪರದೆ ಸರಿಸಿ, ಎಲ್ಲರೂ ನೋಡುತ್ತಿರುವಾಗ, ವೇದಿಕೆಯಿಂದ ಇಳಿದು. ಅವಳು ಅದನ್ನು ಕಲ್ಪಿಸಿಕೊಂಡಳು, ಮತ್ತು ಮೂರನೆಯ ಅಕ್ಷರ ಶುರು ಮಾಡಿದಳು.

'ನಿನ್ನ ಕಾಲು ಕಾಣ್ತಿದೆ,' ಎಂದು ಪರದೆಯಾಚೆಯಿಂದ ಜವಾನ ಪಿಸುಗುಟ್ಟಿದ. ಸ್ವಲ್ಪ ಹೊತ್ತಿಗೆ ಎರಡು ಹೂಕುಂಡಗಳು ನೆಲದ ಮೇಲೆ ಉಜ್ಜಿಕೊಂಡು ಬಂದು ಅವಳ ಪಾದಗಳ ಮುಂದೆ ನಿಂತವು.

ಭಾಷಣಗಳನ್ನು ಅಕ್ಷರಗಳಲ್ಲಿ ಅಳೆಯಬಹುದೆಂದು ಅವಳಿಗೆ ಆಗಲೇ ತಿಳಿದದ್ದು. ಸ್ವಾಗತ ಅರ್ಧ ಅಕ್ಷರ. ದೊಡ್ಡ ಮೇಡಂ ಮಾತು ಒಂದೂವರೆ; ಅವರು ಪ್ರತಿ ವಾಕ್ಯವನ್ನೂ ಎರಡು ಸಲ ಹೇಳುವ ಅಭ್ಯಾಸದವರು, ಶಾಲೆಯಲ್ಲಿದ್ದಾಗ ಅದನ್ನು ಎಲ್ಲರೂ ಅಣಕಿಸುತ್ತಿದ್ದರು, ಈಗ ಅವಳು ಆ ಎರಡನೆಯ ಸಲಕ್ಕೆಲ್ಲ ಮನಸಾರೆ ವಂದಿಸಿದಳು. ಆಟದ ಮೇಷ್ಟ್ರು ನಿವೃತ್ತರ ಬಗ್ಗೆ ಎರಡು ಮಾತು ಹೇಳಿ ತಾವು ಗೆದ್ದ ಪದಕಗಳ ಕಡೆ ಹೊರಳಿದರು. ಭರ್ತಿ ಎರಡು ಅಕ್ಷರ. ಬಟ್ಟೆಯ ಮೂರು ಬೆರಳು ಎಂದೋ ಮುಗಿದು, ಅಕ್ಷರಗಳು ಕೆಂಪು ಅಂಚನ್ನು ಹತ್ತಿದ್ದವು. ಕೆಂಪಿನ ಮೇಲೆ ಕೆಂಪು ದಾರ, ಕಾಣಲಿಕ್ಕಿಲ್ಲ ಎಂದು ಅವುಗಳಿಗೆ ತೋಳಿನ ಎರಡನೆಯ ಸೂಜಿಯ ಕರಿದಾರ ಹಾಕಿದ್ದಳು. ಚಿಕ್ಕಮ್ಮ ನೋಡಿದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಚಿಕ್ಕಮ್ಮ ಮುಂದಿನ ಸಾಲಿನಲ್ಲೇ ಇದ್ದರು; 'ಇವಳು ಎಲ್ಲಿ ಹೋದ್ಲು, ಬಿಸ್ಕತ್ತು ಇವಳ ಪಾಲಿನದೂ ಇಟ್ಕೊಂಡಿದ್ದೀನಿ' ಎಂದು ಯಾರಿಗೋ ಹೇಳುವುದು ಕೇಳಿಸಿತು. ಉಳಿದದ್ದು ಒಂದೇ ಅಕ್ಷರ, ಹಾವಿನ ಹಾಗೆ ಎರಡು ಸಲ ಬಾಗುವಂಥದ್ದು. ಅದಕ್ಕೆ ಅರ್ಧ ಮಾತ್ರ ಅಂಚು ಉಳಿದಿತ್ತು. ಲೆಕ್ಕದ ಮೇಷ್ಟ್ರು ಮೈಕಿನ ಮುಂದೆ ಬಂದು, 'ನಾನು ಹೆಚ್ಚು ಮಾತಾಡಲ್ಲ' ಎಂದರು. ಹಾಗೆ ಹೇಳಿ ಹೆಚ್ಚು ಮಾತಾಡದೇ ಇದ್ದ ಮನುಷ್ಯ ಅವರೊಬ್ಬರೇ ಇರಬೇಕು. ಅವಳ ಕೈ ಓಡಿತು. ಅಂಚಿನಾಚೆ ಏನೋ ಬಟ್ಟೆ ಸಿಕ್ಕಿತು, ಅದರಲ್ಲೇ ಸೂಜಿ ಹಾಕಿ ಎರಡನೆಯ ಬಾಗನ್ನು ಮುಗಿಸಿ ಗಂಟು ಹಾಕಿದಳು. ಆಮೇಲೆ ನೋಡಿದರೆ ಅದು ಹಸಿರಾಗಿತ್ತು.

ಹಗ್ಗ ಎಳೆದರು.

ಪರದೆ ಬಿತ್ತು, ಪೂರ್ತಿ ಬೀಳಲಿಲ್ಲ. ಮೇಲಿನಿಂದ ಕಳಚಿ, ಹೂಕುಂಡಗಳ ಮೇಲೆ ಹಾದು, ಒಂಬತ್ತನೆಯ ಸಾಲಿನ ಕೊನೆಯ ಅಕ್ಷರಕ್ಕೆ ತಗುಲಿ ಉದ್ದವಾಗಿ ನೇತಾಡಿತು. ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಅವಳು. ಹಿಂದಿನಿಂದ ಒಂದು ನಗೆ ಬಂತು, ಆಮೇಲೆ ಹತ್ತು. ಇನ್ನೂರು ಮುಖಗಳನ್ನು ಕಂಡದ್ದೇ ಎದ್ದು ನಿಂತಳು, ಅಭ್ಯಾಸಬಲದಿಂದ ಸೂಜಿಯನ್ನು ಬಾಯಿಗಿಟ್ಟುಕೊಂಡಳು. ದಾರವನ್ನು ಕತ್ತರಿಸಿರಲಿಲ್ಲವಾದ್ದರಿಂದ ಅವಳ ಬಾಯಿಂದ ಹೊರಟ ಕರಿದಾರ ಬಟ್ಟೆಯ ತನಕ ಹೋಗಿತ್ತು. ಓಡಿಹೋಗಬೇಕಾದರೂ ಪದ್ಯವನ್ನು ಎಳೆದುಕೊಂಡೇ ಓಡಬೇಕಿತ್ತು. ಅವಳು ಹಿಂದಕ್ಕೆ ಸರಿದು ಬಟ್ಟೆಗೆ ಬೆನ್ನು ಒತ್ತಿ ನಿಂತುಬಿಟ್ಟಳು. ಇಷ್ಟು ಹೊತ್ತು ಕೂತು ಹೊಲಿದ ಏಳು ಅಕ್ಷರಗಳೂ ಅವಳ ಬೆನ್ನ ಹಿಂದೆ ಮುಚ್ಚಿಹೋದವು.

ವೇದಿಕೆಯ ಮೇಲೆ ಕೂತಿದ್ದ ತಟ್ಟು ಮೇಷ್ಟ್ರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಗಿಡ್ಡವಾಗಿದ್ದರು ಅವರೂ, ಗೇಟಿನ ಹಾಗೆ. ಕನ್ನಡಕ ಬದಲಿಸಿಕೊಂಡು ಬಟ್ಟೆಯನ್ನು ಮೇಲಿನಿಂದ ಕೆಳಗೆ ನೋಡಿ, 'ಒಂಬತ್ತು' ಎಂದರು ಮೆಲ್ಲಗೆ. ಅವಳನ್ನು ಕಂಡರೋ, ಹೂಕುಂಡದ ಜೊತೆ ಸೇರಿಸಿಕೊಂಡರೋ. ಓದಲು ಶುರು ಮಾಡಿದರು, ಮೇಜಿನ ಮೇಲೆ ತಟ್ಟುತ್ತ. ಮೊದಲ ಸಾಲಿಗೆ ಅವರೊಬ್ಬರೇ ಇದ್ದರು. ಎರಡನೆಯದಕ್ಕೆ ಹಳೆಯ ವಿದ್ಯಾರ್ಥಿಗಳು ಕುರ್ಚಿಯ ಕೈ ತಟ್ಟತೊಡಗಿದರು. ನಾಲ್ಕನೆಯದಕ್ಕೆ ಆಟದ ಮೇಷ್ಟ್ರು, ಐದನೆಯದಕ್ಕೆ ಜವಾನ, ಬಾಗಿಲ ಮೇಲೆ. ಚಿಕ್ಕಮ್ಮ ಬಿಸ್ಕತ್ತಿನ ಪೊಟ್ಟಣದ ಮೇಲೆ. ನಗೆ ನಿಂತು ಇಡೀ ಸಭಾಂಗಣ ಒಂದೇ ಬೆರಳಾಗಿತ್ತು. ಐದು, ಐದು, ಐದು. ಒಂಬತ್ತನೆಯ ಸಾಲು. ಒಂದು, ಎರಡು, ಮೂರು, ನಾಲ್ಕು, 'ಮುಖ' ಎಂಬುದಕ್ಕೆ ಐದು.

ಮುಂದೆ ಪದವಿರಲಿಲ್ಲ. ಮುಂದೆ ಅವಳಿದ್ದಳು.

ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ದೊಡ್ಡ ಮೇಡಂಗೆ ಅರ್ಥವಾಗಿ ಕೈ ಬಾಯಿಗೆ ಹೋಯಿತು. ಲೆಕ್ಕದ ಮೇಷ್ಟ್ರು ತುಟಿಯಲ್ಲೇ ಎಣಿಸಿ, ಮತ್ತೆ ಎಣಿಸಿ, ಸುಣ್ಣದ ಗೋಡೆಯಾದರು. ಹೊಟ್ಟೆ ಉಬ್ಬಿ ಇಳಿಯಿತು, ಗುಂಡಿ ಮಾತ್ರ ಅಲ್ಲಾಡಲಿಲ್ಲ.

'ನಿಮ್ಮ ಮುಖ ನೋಡೋ ದಿನ ನಮಗೆಂದೂ ಬರದಿರಲಿ,' ಎಂದು ತಟ್ಟು ಮೇಷ್ಟ್ರು ನಿಧಾನವಾಗಿ ಕನ್ನಡದಲ್ಲಿ ಹೇಳಿದರು. ಸ್ವಲ್ಪ ಯೋಚಿಸಿದರು. 'ಮೂವತ್ತೈದು ವರ್ಷ ಆದ್ಮೇಲೆ ಹೇಳೋ ಮಾತಾ ಇದು? ಇರ್ಲಿ, ನಿಮ್ಮ ಅಭಿಪ್ರಾಯ ನಿಮ್ಮದು. ಆದ್ರೆ ಒಂದು ತಟ್ಟು ಕಡಿಮೆ ಆಯ್ತಲ್ಲ. ಅದೆಲ್ಲಿ?'

ಕೈ ಇನ್ನೂ ಗಾಳಿಯಲ್ಲೇ ಇತ್ತು. ಬರೆದ ಮಾತು ಅವರಿಗೆ ನೋವು ಮಾಡಿರಲಿಲ್ಲ, ಮುಗಿಯದ ಸಾಲು ಮಾಡುತ್ತಿತ್ತು. ಆ ಕೈ ಒಬ್ಬರೇ ಕೆಳಗಿಳಿಸಬಲ್ಲ ಕೈಯಲ್ಲ ಎಂದು ಅವಳಿಗೆ ಕಂಡಿತು. ಸಭಾಂಗಣದಲ್ಲಿ ಇನ್ನೂರು ಬೆರಳುಗಳಿದ್ದವು, ನೋಡಿಕೊಂಡು ತಟ್ಟಲು ಒಂದೂ ಇರಲಿಲ್ಲ. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಮುಷ್ಟಿ ಬಿಚ್ಚಿ, ಬಗ್ಗಿ, ತಗಡಿನ ಟೊಪ್ಪಿ ಹಾಕಿದ ಬೆರಳನ್ನು ಹೂಕುಂಡದ ಅಂಚಿನ ಮೇಲೆ ಇಳಿಸಿದಳು.

ಟಕ್.

ಬೆನ್ನ ಹಿಂದಿನಿಂದ ಹೊರಬಂದ ಅಕ್ಷರಗಳನ್ನು ಮೇಷ್ಟ್ರು ಕಂಡರು. ಎರಡು ಕೆಂಪು ಅಕ್ಷರ, ಆಮೇಲೆ ಅಂಚು ಹತ್ತಿ ಹೋಗುವ ಕರಿಯವು, ಕೊನೆಯದು ಅರ್ಧ ಪರದೆಯಲ್ಲಿ, ಅಲ್ಲಿಂದ ಕೆಳಗೆ ಮೂರು ಗಜ ಹಸಿರು ಬಾಲ. 'ಇನ್ ಟಿಯರ್ಸ್' ಎಂದು ಓದಿ ಕೈಯನ್ನು ಮೇಜಿನ ಮೇಲೆ ಇಳಿಸಿದರು. ಆಮೇಲೆ ಭುಜ ಕುಣಿಯಲು ಶುರುವಾಯಿತು. ನಕ್ಕರು, ಕನ್ನಡಕ ತೆಗೆದರು, ಮತ್ತೆ ನಕ್ಕರು, ಕೆನ್ನೆಯ ಮೇಲೆ ಹರಿಯುವುದನ್ನು ಅಂಗೈಯಿಂದ ಒರೆಸಿಕೊಂಡರು. ಲೆಕ್ಕದ ಮೇಷ್ಟ್ರ ಹಾರೈಕೆ ಕಣ್ಣೆದುರೇ, ಓದಿ ಮುಗಿಸಿದ ಅರ್ಧ ನಿಮಿಷಕ್ಕೆ ಸುಳ್ಳಾಯಿತು.

'ಅಂಚು ದಾಟಿದೆ ಕಣೇ!' ಎಂದು ಮುಂದಿನ ಸಾಲಿನಿಂದ ಚಿಕ್ಕಮ್ಮನ ದನಿ ಬಂತು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಈಗ ಅವಳನ್ನೇ ನೋಡಿದರು. ಮುಖ ನೋಡಿದರು, ಕಿವಿ ನೋಡಿದರು, ಅಲ್ಲಿ ನಿಂತರು.

'ಆರನೇದು ಯಾರದ್ದು?'

ಅವಳು ಸೂಜಿಯನ್ನು ಬಾಯಿಂದ ತೆಗೆದಳು.

'ನಂದು, ಸರ್.'

'ಸ್ವಲ್ಪ ತಡವಾಯ್ತು.' ಅವರು ಇನ್ನೂ ಮೂಗೊರೆಸಿಕೊಳ್ಳುತ್ತಿದ್ದರು. 'ಆದ್ರೆ ಜಾಗದಲ್ಲೇ ಬಿತ್ತು. ಕೂತ್ಕೋ.'

ಅವಳು ಕೂತಳು.